ಪಹಣಿಯಲ್ಲಿ ಇಲ್ಲದ ಹೆಸರು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಅಂದು ಸಮಯದ ಅಭಾವದಿಂದ ಬಿಟ್ಟುಹೋದ ಕೆಲವು ವಿಷಯಗಳನ್ನು ಓದುಗರಿಗಾಗಿ ಇಲ್ಲಿ ಸೇರಿಸಲಾಗಿದೆ.)





ಪ್ರತಿವರ್ಷ ಈ ವೇದಿಕೆಯಿಂದ ಶಿಕ್ಷಣದ ಬಗ್ಗೆ, ವಿದ್ಯಾರ್ಥಿವೇತನದ ಬಗ್ಗೆ, ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಬಗ್ಗೆ ಒಳ್ಳೆಯ ಮಾತುಗಳನ್ನು ಕೇಳುತ್ತ ಬಂದಿದ್ದೇವೆ. ಈ ಸಲ ನನಗೆ ಕೊಟ್ಟ ವಿಷಯ ಭೂಮಿಯ ಹಕ್ಕು ಮತ್ತು ಮಹಿಳೆ. ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ಹಿಂಜರಿದೆ. ನಾನು ವಕೀಲನಲ್ಲ, ಕಂದಾಯ ಇಲಾಖೆಯವನೂ ಅಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಮೇಷ್ಟ್ರು ಎಂದೆ. ಅದು ನೆಪ. ಹಿಂಜರಿಕೆಗೆ ನಿಜವಾದ ಕಾರಣ ಬೇರೆ ಇತ್ತು, ಅದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಮೊದಲು ನನ್ನ ಕಸುಬಿನ ಮಾತು. ಜಮೀನಿನ ಕಾಗದಗಳಲ್ಲಿ ಬರುವ ಶಬ್ದಗಳನ್ನು ನೀವು ಗಮನಿಸಿದ್ದೀರಾ? ಜಮೀನು ಎಂಬುದೇ ಫಾರ್ಸಿ ಶಬ್ದ. ಹಕ್ಕು, ಹಿಸ್ಸೆ, ದಾಖಲೆ, ತಕರಾರು ಇವು ಅರಬ್ಬಿಯಿಂದ ಬಂದವು. ವಾರಸುದಾರನಲ್ಲಿ ಅರಬ್ಬಿಯ ವಾರಿಸ್ ಇದ್ದಾನೆ. ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಮಾಡಿಸುವ ಖಾತೆಗೆ ಪೌತಿ ಖಾತೆ ಎನ್ನುತ್ತೇವೆ. ಆ ಪೌತಿ ಬೇರೇನೂ ಅಲ್ಲ, ನಮ್ಮ ಮನೆಗಳಲ್ಲಿ ಸಾವಿನ ಸುದ್ದಿ ಹೇಳುವಾಗ ಬಳಸುವ ಫೌತ್ ಶಬ್ದವೇ. ಹೀಗೆ ಕಚೇರಿಯ ಅರ್ಧ ಭಾಷೆ ನಮ್ಮ ಮನೆಯ ಭಾಷೆ. ಒಂದು ವರ್ಷ ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೆ, ಮನೆಯಲ್ಲಿ ಜಮೀನು ಇದ್ದರೆ ಪಹಣಿಯ ಪ್ರತಿ ತನ್ನಿ, ಇದನ್ನು ಓದುವುದನ್ನು ಕಲಿಸುತ್ತೇನೆ ಎಂದೆ. ಹತ್ತು ಹನ್ನೆರಡು ಮಕ್ಕಳು ತಂದರು. 9ನೇ ಕಾಲಂ ಎಂದರೆ ಯಾರ ಹೆಸರಿಗೆ ಜಮೀನು ಇದೆ ಎಂಬುದು. 11ನೇ ಕಾಲಂ ಸಾಲಸೋಲ, ಇತರ ಹಕ್ಕು. 12ನೇ ಕಾಲಂ ಸಾಗುವಳಿ ಮಾಡುವವರು ಮತ್ತು ಬೆಳೆ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ಒಬ್ಬೊಬ್ಬರಾಗಿ 9ನೇ ಕಾಲಂ ಓದುತ್ತ ಹೋದರು. ಸಾಬ್, ಖಾನ್, ಬೇಗ್. ಒಂದರಲ್ಲಿ ಮಾತ್ರ ಬೀ ಎಂದು ಬಂತು. ಅದು ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿಯ ಹೆಸರು.

ನಮ್ಮ ಸಮಾಜದ್ದು ಮಾತ್ರ ಈ ಪಾಡು ಎಂದು ತಿಳಿಯಬೇಡಿ. 2015-16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿ ನಡೆಯುತ್ತಿದ್ದವು ನೂರಕ್ಕೆ 13.96. ಕಳೆ ತೆಗೆಯುವವರು, ನಾಟಿ ಹಾಕುವವರು, ಕಡಲೆಕಾಯಿ ಬಿಡಿಸುವವರು ಯಾರು ಎಂದು ಹಳ್ಳಿಯಿಂದ ಬಂದ ನಿಮಗೆ ನಾನು ಹೇಳಬೇಕಾಗಿಲ್ಲ.

ಇದು ಹೇಗಾಯಿತು? ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಆಗಲಿಲ್ಲವೇ? ಆಯಿತು, ದೊಡ್ಡದಾಗಿಯೇ ಆಯಿತು. 1951ರ ಕಾಗೋಡು ಸತ್ಯಾಗ್ರಹದಿಂದ ಶುರುವಾದ ಕೂಗು ದೇವರಾಜ ಅರಸರ ಕಾಲದಲ್ಲಿ ಕಾನೂನಾಗಿ ಗಟ್ಟಿಯಾಯಿತು. 1961ರ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದವು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತರು. 1979ರ ಜೂನ್ 30ರ ಗಡುವಿನೊಳಗೆ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಲೆಮಾರುಗಳಿಂದ ಗೇಣಿ ಅಳೆದ ಎಷ್ಟೋ ಕುಟುಂಬಗಳು, ಮುಸಲ್ಮಾನ ಕುಟುಂಬಗಳೂ ಅದರಲ್ಲಿ ಸೇರಿ, ಮೊದಲ ಸಲ ತಮ್ಮದೇ ನೆಲದ ಮೇಲೆ ನಿಂತವು. ಆ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಆ ಕಾಲದ ಘೋಷಣೆಯನ್ನು ಭಾಷೆಯ ಮೇಷ್ಟ್ರಾಗಿ ಒಮ್ಮೆ ಓದಿ ನೋಡಿ. ಉಳುವವನೇ ಹೊಲದೊಡೆಯ. ಉಳುವವನೇ, ಪುಲ್ಲಿಂಗ. ಉಳುವವಳೇ ಎಂದು ಯಾರೂ ಕೂಗಲಿಲ್ಲ. ವ್ಯಾಕರಣದ ಅನುಕೂಲಕ್ಕೆ ಹಾಗೆ ಹೇಳಿದ್ದಾರೆ, ಇಬ್ಬರಿಗೂ ಅನ್ವಯಿಸುತ್ತದೆ ಎಂದು ನೀವು ಹೇಳಬಹುದು. ಅನ್ವಯಿಸಲಿಲ್ಲ. ಏಕೆಂದರೆ ಹೆಣ್ಣು ನೇಗಿಲು ಮುಟ್ಟಬಾರದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಬಿತ್ತನೆ ಅವಳದು, ಕಳೆ ಅವಳದು, ಕೊಯ್ಲು ಅವಳದು, ಉಳುಮೆ ಒಂದು ಅವಳದಲ್ಲ. ಒಡೆತನ ಸಿಕ್ಕಿದ್ದು ಆ ಒಂದು ಕೆಲಸಕ್ಕೆ! ಅರ್ಜಿ ಸಾಮಾನ್ಯವಾಗಿ ಮನೆಯ ಯಜಮಾನನ ಹೆಸರಿನಲ್ಲಿ ಹೋಯಿತು, ಹಕ್ಕುಪತ್ರವೂ ಅವನ ಹೆಸರಿಗೇ ಬಂತು. ಭೂಮಿತಿಯ ಲೆಕ್ಕದಲ್ಲೂ ಹೀಗೆಯೇ. ಕಾಯ್ದೆಯ ಪ್ರಕಾರ ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು ಮತ್ತು ಮದುವೆಯಾಗದ ಹೆಣ್ಣುಮಕ್ಕಳು. ಮಗನಿಗೆ ಹದಿನೆಂಟು ತುಂಬಿದರೆ ಅವನು ಬೇರೆ ಲೆಕ್ಕ. ಮಗಳಿಗೆ ಮೂವತ್ತಾದರೂ ಮದುವೆಯಾಗದಿದ್ದರೆ ಅವಳು ಅಪ್ಪನ ಲೆಕ್ಕದೊಳಗೇ.

ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಹಕ್ಕುಪತ್ರ ಕೊಡಬೇಕೆಂಬ ಮಾತು ಕೇಂದ್ರದ 6ನೇ ಪಂಚವಾರ್ಷಿಕ ಯೋಜನೆಯಲ್ಲಿ, ಅಂದರೆ 1980ರಲ್ಲಿ ಬಂತು. ನಮ್ಮ 7ನೇ ನಮೂನೆಯ ಗಡುವು ಮುಗಿದು ಆಗಿತ್ತು. ಅದೇ ಕಾಲಕ್ಕೆ ಬಿಹಾರದ ಬೋಧಗಯಾದಲ್ಲಿ ಮಠದ ಜಮೀನಿಗಾಗಿ ಭೂಹೀನ ಕೂಲಿಗಳು ಹೋರಾಡುತ್ತಿದ್ದರು. 1978ರಿಂದ ನಡೆದ ಆ ಚಳವಳಿಯಲ್ಲಿ ಹೆಣ್ಣುಮಕ್ಕಳು ಮುಂದೆ ನಿಂತು ಪೆಟ್ಟು ತಿಂದಿದ್ದರು. ಜಮೀನು ಹಂಚುವ ಹೊತ್ತಿಗೆ ಪಟ್ಟಿಯಲ್ಲಿ ಗಂಡಸರ ಹೆಸರು ಬಂದಾಗ ಅವರು ಸುಮ್ಮನಿರಲಿಲ್ಲ. ಹಟ ಹಿಡಿದು ಕೆಲವು ಹಳ್ಳಿಗಳಲ್ಲಿ ತಮ್ಮ ಹೆಸರಿಗೇ ಪತ್ರ ಬರೆಸಿಕೊಂಡರು. ಓದು ಬರಹ ಬಾರದ ಕೂಲಿ ಹೆಂಗಸರು ಅವರು.

ಈಗ ನಮ್ಮ ಮನೆಯ ವಿಷಯಕ್ಕೆ, ಅಂದರೆ ಶರೀಅತ್ತಿನ ವಿಷಯಕ್ಕೆ ಬರುತ್ತೇನೆ. ಸೂರೆ ನಿಸಾದ 7ನೇ ಆಯತ್ತಿನಲ್ಲಿ ತಂದೆತಾಯಿ ಬಿಟ್ಟುಹೋದುದರಲ್ಲಿ ಗಂಡಿಗೂ ಪಾಲಿದೆ, ಹೆಣ್ಣಿಗೂ ಪಾಲಿದೆ, ಆಸ್ತಿ ಎಷ್ಟೇ ಇರಲಿ ಎಂಬ ಆದೇಶವಿದೆ. 11 ಮತ್ತು 12ನೇ ಆಯತ್ತುಗಳಲ್ಲಿ ಯಾರಿಗೆ ಎಷ್ಟು ಎಂಬ ಲೆಕ್ಕವಿದೆ. ಮಗ ಇದ್ದಾಗ ಮಗಳಿಗೆ ಅವನ ಅರ್ಧ, ಮಕ್ಕಳಿದ್ದರೆ ವಿಧವೆಗೆ ಎಂಟನೇ ಒಂದು. ಅಲ್ಲಿ ಮನೆ, ಒಡವೆ, ಹೊಲ ಎಂಬ ಭೇದವಿಲ್ಲ.

ಭೇದ ಮಾಡಿದ್ದು ಕಾನೂನು. 1937ರ ಶರೀಅತ್ ಕಾಯ್ದೆಯನ್ನು ತಂದದ್ದೇ ಹೆಣ್ಣುಮಕ್ಕಳ ಪಾಲು ನುಂಗುತ್ತಿದ್ದ ಸ್ಥಳೀಯ ರೂಢಿಗಳನ್ನು ತೆಗೆದುಹಾಕಲು. ಆ ರೂಢಿಯನ್ನು ಮುಸ್ಲಿಂ ಮಹಿಳಾ ಸಂಘಟನೆಗಳೇ ಖಂಡಿಸಿದ್ದವೆಂದು ಮಸೂದೆಯ ಉದ್ದೇಶಗಳಲ್ಲಿ ಬರೆದಿದೆ. ಆದರೆ 2ನೇ ಕಲಮಿನ ನಡುವೆ ಒಂದು ಕಂಸ ಇದೆ. ಆ ಕಂಸದೊಳಗಿನ ಕೆಲವೇ ಶಬ್ದಗಳು ಕೃಷಿ ಜಮೀನಿನ ಪ್ರಶ್ನೆಗಳನ್ನು ಹೊರಗಿಟ್ಟವು. 1935ರ ಭಾರತ ಸರ್ಕಾರ ಕಾಯ್ದೆಯಂತೆ ಕೃಷಿ ಜಮೀನಿನ ಉತ್ತರಾಧಿಕಾರ ಪ್ರಾಂತಗಳ ಅಧಿಕಾರದಲ್ಲಿತ್ತು ಎಂಬುದು ಕಾನೂನಿನ ಕಾರಣ. ಪಂಜಾಬಿನಂಥ ಕಡೆ ದೊಡ್ಡ ಜಮೀನ್ದಾರರಿಗೆ ಮಗಳ ಪಾಲು ಬೇಡವಾಗಿತ್ತು ಎಂಬುದು ಇನ್ನೊಂದು ಕಾರಣ. ಕಂಸದೊಳಗಿರುವುದನ್ನು ಬಿಟ್ಟು ಓದಿದರೂ ವಾಕ್ಯದ ಅರ್ಥ ಕೆಡುವುದಿಲ್ಲ ಎಂದು ನಾನು ಮಕ್ಕಳಿಗೆ ಕಲಿಸುತ್ತೇನೆ. ಈ ಕಂಸದೊಳಗೆ ಹೋಗಿ ಕುಳಿತದ್ದು ಹಳ್ಳಿಯ ಇಡೀ ಆಸ್ತಿ!

ಮದ್ರಾಸು ಪ್ರಾಂತದವರು 1949ರಲ್ಲಿ ಆ ಕಂಸವನ್ನು ತೆಗೆದರು, ಕೇರಳದವರು 1963ರಲ್ಲಿ ತೆಗೆದರು. ಪಾಕಿಸ್ತಾನದ ಪಂಜಾಬಿನಲ್ಲಿ 1948ರಲ್ಲೇ ಕೃಷಿ ಜಮೀನನ್ನೂ ಶರೀಅತ್ತಿಗೆ ಸೇರಿಸಿದರು. ಉತ್ತರ ಪ್ರದೇಶದಲ್ಲಿ ಇದರ ತಿರುವುಮುರುವು. ಅಲ್ಲಿ ಜಮೀನ್ದಾರಿ ರದ್ದು ಮಾಡಿದ 1950ರ ಪ್ರಗತಿಪರ ಕಾಯ್ದೆಯೇ ತನ್ನ 171ನೇ ಕಲಮಿನಲ್ಲಿ ಗಂಡು ಸಂತತಿಯನ್ನು ಮುಂದಿಟ್ಟು ಮದುವೆಯಾದ ಮಗಳನ್ನು ಸಾಲಿನ ಬಹಳ ಹಿಂದಕ್ಕೆ ತಳ್ಳಿತು. ಅದು ಹಿಂದೂಗಳಿಗೂ ಅನ್ವಯವಾಗುತ್ತಿತ್ತು, ಮುಸಲ್ಮಾನರಿಗೂ ಅನ್ವಯವಾಗುತ್ತಿತ್ತು. ಹಿಂದೂ ಹೆಣ್ಣುಮಕ್ಕಳಿಗೆ ಈ ತೊಡಕನ್ನು ನಿವಾರಿಸಲು 2005ರಲ್ಲಿ ತಿದ್ದುಪಡಿ ಬಂತು. ನಮ್ಮ ಕಂಸದ ಮೇಲೆ ಅಂಥ ಚರ್ಚೆ ಯಾವ ಜಲಸಾದಲ್ಲೂ ನಡೆದದ್ದನ್ನು ನಾನು ಕೇಳಿಲ್ಲ.

ಕರ್ನಾಟಕದಲ್ಲಿ ನಮಗೆ ಈ ಕಂಸದ ನೆಪ ಹೇಳುವ ಅವಕಾಶವೂ ಇಲ್ಲ. ಮುಸಲ್ಮಾನರ ಹೊಲದ ಪಾಲಿನ ದಾವೆಗಳನ್ನು ಇಲ್ಲಿನ ನ್ಯಾಯಾಲಯಗಳು ಶರೀಅತ್ತಿನ ಲೆಕ್ಕದಂತೆಯೇ ತೀರ್ಮಾನಿಸುತ್ತ, ಹೆಣ್ಣುಮಕ್ಕಳಿಗೆ ಪಾಲು ಕೊಡಿಸುತ್ತ ಬಂದಿವೆ. ಹಾಗಾದರೆ ಆ ಹೆಸರುಗಳು ಎಲ್ಲಿ ಬಿದ್ದುಹೋದವು? ಇದಕ್ಕೆ ಉತ್ತರ ನನಗೆ ಗೊತ್ತು. ಮೂರು ಹೆಸರುಗಳನ್ನು ನಾನೇ ಬೀಳಿಸಿದ್ದೇನೆ.

2009ರಲ್ಲಿ ನಮ್ಮ ದಾದಾ ತೀರಿಕೊಂಡರು. ಆಗ ನಾನು ಬಿ.ಎಡ್. ಓದುತ್ತಿದ್ದೆ. ಕೆರೆಯ ಹಿಂದೆ 4 ಎಕರೆ ಖುಷ್ಕಿ ಜಮೀನು ಬಿಟ್ಟುಹೋಗಿದ್ದರು, ರಾಗಿ ಅವರೆ ಬೆಳೆಯುವ ನೆಲ. ಹಿಂದೆ ಉಳಿದವರು ದಾದಿ, ಇಬ್ಬರು ಗಂಡುಮಕ್ಕಳು ಅಂದರೆ ನನ್ನ ತಂದೆ ಮತ್ತು ಚಾಚಾ, ಹಾಗೂ ಮೂವರು ಫುಪ್ಪುಗಳು. ಪೌತಿ ಖಾತೆಗೆ ವಂಶವೃಕ್ಷ ಬೇಕು. ಮನೆಯಲ್ಲಿ ಕನ್ನಡ ಚೆನ್ನಾಗಿ ಬರೆಯಬಲ್ಲವನು ನಾನೊಬ್ಬನೇ. ಅರ್ಜಿ ಬರೆಯಲು ಕುಳಿತಾಗ ಚಾಚಾ, ಗಂಡುಮಕ್ಕಳದ್ದು ಮಾತ್ರ ಬರಿ, ಹೆಣ್ಣುಮಕ್ಕಳದ್ದು ಬರೆದರೆ ಎಲ್ಲರ ಸಹಿ ಬೇಕಾಗುತ್ತದೆ, ಸುಮ್ಮನೆ ಓಡಾಟ ಎಂದರು. ನನ್ನ ತಂದೆ ಏನೂ ಹೇಳಲಿಲ್ಲ. ನಾನು ಬರೆದೆ. ದಾದಾನ ಹೆಸರಿನ ಕೆಳಗೆ ಎರಡು ಗೆರೆ ಎಳೆದು ಎರಡು ಹೆಸರು. ಮರಕ್ಕೆ ಎರಡೇ ಕೊಂಬೆ!

ಅಂದು ಬಡೇ ಫುಪ್ಪು ಮನೆಯಲ್ಲೇ ಇದ್ದರು. ಚಾಳೀಸ್ವಾಂ ಮುಗಿಸಿಕೊಂಡು ಹೋಗಲು ಬಂದಿದ್ದರು. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಕಾಗದ ನೋಡಿ "ಬೇಟಾ, ಪೂರಾ ಪಢ್ಕೇ ಸುನಾ" ಎಂದರು. ನಾನು ಓದಿ ಹೇಳಿದೆ. ಬರೆದದ್ದನ್ನಷ್ಟೇ ಓದಿದೆ, ಬರೆಯದೆ ಬಿಟ್ಟದ್ದನ್ನು ಹೇಳಲಿಲ್ಲ. ಅವರು ತಲೆಯಾಡಿಸಿ ಒಳಗೆ ಹೋದರು. ತಕರಾರಿದ್ದರೆ ಸಲ್ಲಿಸಿ ಎಂದು ಕಚೇರಿಯಲ್ಲಿ ನೋಟಿಸು ಅಂಟಿಸಿದರು. ಐವತ್ತು ಕಿಲೋಮೀಟರ್ ದೂರದ ಊರಿನಲ್ಲಿ ಬಾಡಿಗೆ ಮನೆಯಲ್ಲಿರುವ ಫುಪ್ಪು ಆ ಗೋಡೆಯನ್ನು ಓದಲು ಬರುತ್ತಾರೆಯೇ? ಖಾತೆ ಆಯಿತು. ಇಬ್ಬರಿಗೂ 2 ಎಕರೆ. ಈ ವೇದಿಕೆಗೆ ಬರಲು ನಾನು ಹಿಂಜರಿದದ್ದು ಇದಕ್ಕೇ.

ವಿದ್ಯಾರ್ಥಿಗಳೇ, ಈಗ ಒಂದು ಲೆಕ್ಕ ಮಾಡೋಣ. 4 ಎಕರೆ ಎಂದರೆ 160 ಗುಂಟೆ. ದಾದಿಗೆ ಎಂಟನೇ ಒಂದು, 20 ಗುಂಟೆ. ಉಳಿದದ್ದು 140. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು, ಒಟ್ಟು 7 ಪಾಲು. ಒಂದು ಪಾಲಿಗೆ 20 ಗುಂಟೆ. ತಂದೆಗೆ 40, ಚಾಚಾನಿಗೆ 40, ಮೂವರು ಫುಪ್ಪುಗಳಿಗೆ ತಲಾ 20. ಈಗ ಹೆಂಗಸರದ್ದನ್ನು ಕೂಡಿಸಿ. ದಾದಿಯ 20, ಫುಪ್ಪುಗಳ 60, ಒಟ್ಟು 80 ಗುಂಟೆ. 160ರಲ್ಲಿ 80. ಆ ಹೊಲದ ಸರಿಯಾಗಿ ಅರ್ಧ ಹೆಂಗಸರದ್ದು! ನಾನು ಎಳೆದ ಎರಡು ಗೆರೆಗಳಲ್ಲಿ ಹೋದದ್ದು ಅಷ್ಟು.

ಹೆಣ್ಣಿಗೆ ಅರ್ಧ ಪಾಲು ಏಕೆ, ಸಮಪಾಲು ಏಕಿಲ್ಲ ಎಂದು ಕಾಲೇಜಿನ ವಿದ್ಯಾರ್ಥಿನಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಟ್ಯುನೀಷಿಯಾದಲ್ಲಿ 2018ರಲ್ಲಿ ಅಲ್ಲಿನ ಅಧ್ಯಕ್ಷರೇ ಸಮಪಾಲಿನ ಪ್ರಸ್ತಾವ ತಂದಿದ್ದರು, ಅದು ಕಾನೂನಾಗಲಿಲ್ಲ. ಉಲಮಾಗಳೂ ಕಾನೂನು ಬಲ್ಲವರೂ ಕುಳಿತು ಆ ಚರ್ಚೆ ಮಾಡಲಿ. ಅರ್ಧವೋ ಪೂರ್ತಿಯೋ ಎಂದು ಅವರು ವಾದಿಸುತ್ತಿರುವ ಹೊತ್ತಿನಲ್ಲಿ ನಮ್ಮ ಫುಪ್ಪುಗಳ ಕೈಯಲ್ಲಿ ಇರುವುದು ಸೊನ್ನೆ.

ನಾವು ಹೇಳುವ ನೆಪಗಳನ್ನೂ ನೋಡೋಣ. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎನ್ನುತ್ತೇವೆ. ಗಂಡುಮಕ್ಕಳ ಮದುವೆಗೂ ಖರ್ಚು ಮಾಡಿದ್ದೇವೆ, ಅವರ ಪಾಲಿನಲ್ಲಿ ಅದನ್ನು ಕಳೆದಿದ್ದೇವೆಯೇ? ಜಹೇಜಿನ ಮಂಚ, ಬೀರು ಹೋದದ್ದು ಅಳಿಯನ ಮನೆಗೆ. ಇನ್ನು ಜಮೀನು ಚೂರುಚೂರಾಗುತ್ತದೆ ಎನ್ನುತ್ತೇವೆ. ಐದು ಜನ ಗಂಡುಮಕ್ಕಳು ಹಂಚಿಕೊಳ್ಳುವಾಗ ಈ ಚಿಂತೆ ಬರುವುದಿಲ್ಲ. ಎಲ್ಲರ ಹೆಸರಿನಲ್ಲಿ ಜಂಟಿ ಖಾತೆ ಇಟ್ಟು, ಒಬ್ಬ ಸಾಗುವಳಿ ನೋಡಿಕೊಂಡು, ಫಸಲಿನಲ್ಲಿ ಹಂಚಿಕೊಳ್ಳಲು ಅಡ್ಡಿಯೇನು?

ಅವರೇ ಬೇಡ ಎಂದರು ಎಂಬ ಮಾತೊಂದಿದೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಅರ್ಧ ನಿಜ. ನಮ್ಮ ಹೆಣ್ಣುಮಕ್ಕಳು ಬೇಡ ಎನ್ನುತ್ತಾರೆ. ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ, ಕಣ್ಣೊರೆಸಿಕೊಂಡು, ಮನೆಯವರಿಗೆಲ್ಲ ಚಹಾ ಮಾಡಿಕೊಟ್ಟು ಹೋಗುವವರನ್ನು ನೋಡಿದ್ದೇನೆ. ಯಾಕೆ? ತವರು ಬೇಕು. ಈದ್‌ಗೆ ಕರೆಯಲು ಅಣ್ಣ ಬೇಕು, ಗಂಡ ಹೊಡೆದರೆ ಬಂದು ಕೇಳಲು ತಮ್ಮ ಬೇಕು, ತಲಾಖ್ ಆದರೆ ಮಗು ಎತ್ತಿಕೊಂಡು ಬರಲು ಒಂದು ಬಾಗಿಲು ಬೇಕು. ಪಾಲು ಕೇಳಿದವಳಿಗೆ ಆ ಬಾಗಿಲು ಮುಚ್ಚುತ್ತದೆ ಎಂದು ಅವಳಿಗೆ ಗೊತ್ತು. ಆದ್ದರಿಂದ ಅವಳು ಬೇಡ ಎನ್ನುವುದು ಉದಾರತೆಯಿಂದಲ್ಲ, ಲೆಕ್ಕ ಹಾಕಿಯೇ. ಅರ್ಧ ಎಕರೆ ಕೊಟ್ಟು ಒಂದು ಬಾಗಿಲನ್ನು ಕೊಂಡುಕೊಳ್ಳುತ್ತಾಳೆ. ಅವಳನ್ನು ನಾನು ತಪ್ಪು ಎನ್ನಲಾರೆ. ಆದರೆ ಅಣ್ಣತಮ್ಮಂದಿರಾದ ನಾವು ಬಾಗಿಲು ತೆರೆಯಲು ಬೆಲೆ ಪಡೆಯುತ್ತಿದ್ದೇವೆ ಎಂಬುದನ್ನಾದರೂ ಒಪ್ಪಿಕೊಳ್ಳಬೇಡವೇ?

ಆ ಬಾಗಿಲು ಅವಳದೇ ಆಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಒಂದು ಅಧ್ಯಯನವಿದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ಅವರು ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು 500 ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ್ದು. ಜಮೀನು ಮನೆ ಏನೂ ಇಲ್ಲದ ಮಹಿಳೆಯರಲ್ಲಿ ನೂರಕ್ಕೆ 49 ಮಂದಿ ಗಂಡನ ಕೈಯಲ್ಲಿ ಏಟು ತಿಂದಿದ್ದರು. ಜಮೀನು ಮಾತ್ರ ಇದ್ದವರಲ್ಲಿ 18, ಮನೆ ಮಾತ್ರ ಇದ್ದವರಲ್ಲಿ 10, ಎರಡೂ ತಮ್ಮ ಹೆಸರಿನಲ್ಲಿ ಇದ್ದವರಲ್ಲಿ 7. ಹೊರಟು ಹೋಗಲು ಜಾಗ ಇದೆ ಎಂದು ತಿಳಿದರೆ ಕೈ ಎತ್ತುವವನು ಯೋಚಿಸುತ್ತಾನೆ. ಇನ್ನು ಬೆಳೆಸಾಲ, ಬೆಳೆ ಪರಿಹಾರ, 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ವರ್ಷದ 6,000 ರೂಪಾಯಿ, ಯಾವುದನ್ನು ಕೇಳಲು ಹೋದರೂ ಮೊದಲು ನೋಡುವುದು ಜಮೀನಿನ ದಾಖಲೆಯನ್ನು. ಅದರಲ್ಲಿ ಹೆಸರಿಲ್ಲದವಳು ದಿನವಿಡೀ ಹೊಲದಲ್ಲಿದ್ದರೂ ರೈತಳಲ್ಲ.

ಬೇರೆ ಬಡ ದೇಶಗಳು ಈ ಹೆಸರಿನ ತೊಡಕನ್ನು ಹೇಗೆ ಬಿಡಿಸಿಕೊಂಡವು ಎಂದು ಹುಡುಕುತ್ತಿದ್ದಾಗ ಎರಡು ಕಡೆಯ ಅನುಭವ ನನ್ನ ಮನಸ್ಸಿಗೆ ಹಿಡಿಸಿತು. ಒಂದು ಇಥಿಯೋಪಿಯಾ. ಹಬಶಾ ಎಂದು ನಮ್ಮ ಮಕ್ಕಳು ಇಸ್ಲಾಮಿನ ಚರಿತ್ರೆಯಲ್ಲಿ ಓದುವ ದೇಶ. ಅಲ್ಲಿ 1975ರಿಂದ ನೆಲವೆಲ್ಲ ಸರ್ಕಾರದ್ದು, ರೈತನಿಗೆ ಇರುವುದು ಉಪಯೋಗದ ಹಕ್ಕು. 1998ರ ಹೊತ್ತಿಗೆ ಟಿಗ್ರೆ ಪ್ರಾಂತದಲ್ಲಿ ಹಕ್ಕುಪತ್ರ ಕೊಡಲು ಶುರು ಮಾಡಿದಾಗ ಮನೆಯ ಯಜಮಾನನ ಹೆಸರು ಮಾತ್ರ ಬರೆದರು, ನಮ್ಮ 1974ರ ಹಾಗೆಯೇ. 2003ರಿಂದ ಅಮ್ಹಾರಾ ಪ್ರಾಂತದಲ್ಲಿ ಕೊಟ್ಟ ಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರು ಹಾಕಿ, ಇಬ್ಬರ ಫೋಟೋ ಕೂಡ ಅಂಟಿಸಿದರು. ಈ ಫೋಟೋದ ಉಪಾಯ ನೋಡಿ. ಓದಲು ಬಾರದ ಹೆಂಗಸಿಗೂ ಪತ್ರ ನೋಡಿದೊಡನೆ ಅದು ತನ್ನದೆಂದು ತಿಳಿಯುತ್ತದೆ. ಅವಳಿಗೆ ನನ್ನಂಥ ಮೇಷ್ಟ್ರು ಓದಿ ಹೇಳಬೇಕಾಗಿಲ್ಲ.

ಇನ್ನೊಂದು ರುವಾಂಡಾ. 1994ರ ನರಮೇಧದಲ್ಲಿ ಲಕ್ಷಾಂತರ ಜನ ಸತ್ತು ಊರೂರಿಗೆ ವಿಧವೆಯರು, ಅನಾಥ ಹೆಣ್ಣುಮಕ್ಕಳು ಉಳಿದರು. ರೂಢಿಯ ಪ್ರಕಾರ ಅವರಿಗೆ ನೆಲದಲ್ಲಿ ಪಾಲಿಲ್ಲ. 1999ರಲ್ಲಿ ಕಾನೂನು ಮಾಡಿ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು ಎಂದರು. ಅಷ್ಟಕ್ಕೇ ನಿಲ್ಲಿಸದೆ 2009ರಿಂದ 2013ರವರೆಗೆ ಇಡೀ ದೇಶದ ಹೊಲಹೊಲಕ್ಕೂ ಹೋಗಿ, ಒಂದು ಕೋಟಿಗೂ ಮೀರಿದ ತುಂಡುಗಳನ್ನು ಗುರುತಿಸಿ, ಹಕ್ಕುದಾರರನ್ನು ಅಲ್ಲೇ ಕೇಳಿ ಬರೆದುಕೊಂಡರು. ಕಾನೂನು ಪ್ರಕಾರ ಮದುವೆಯಾದ ಹೆಂಡತಿಯ ಹೆಸರು ಗಂಡನ ಜೊತೆಗೆ ಬಂತು. ಅಲ್ಲೂ ಒಂದು ತೂತು ಉಳಿಯಿತು. ಮದುವೆಯ ನೋಂದಣಿ ಇಲ್ಲದ ಹೆಂಗಸರು ಹೊರಗುಳಿದರು, ಅವರ ಸ್ಥಿತಿ ಮೊದಲಿಗಿಂತ ಕೆಟ್ಟಿತು ಎಂದು ಅದನ್ನು ಅಭ್ಯಾಸ ಮಾಡಿದವರು ಬರೆದಿದ್ದಾರೆ. ಇದನ್ನು ಓದಿದಾಗ ನನಗೆ ನಮ್ಮ ಮೊಹಲ್ಲಾಗಳ ನಿಕಾಹ್‌ನಾಮೆಗಳ ನೆನಪಾಯಿತು. ನಿಮ್ಮ ತಾಯಿಯವರ ನಿಕಾಹ್‌ನಾಮೆ ಎಲ್ಲಿದೆ ಎಂದು ಇಂದು ಮನೆಗೆ ಹೋಗಿ ಕೇಳಿ ನೋಡಿ.

ಕಾನೂನಿನ ಎರಡು ಮೂರು ವಿಷಯಗಳನ್ನು ವಕೀಲ ಮಿತ್ರರನ್ನು ಕೇಳಿ ಬರೆದುಕೊಂಡು ಬಂದಿದ್ದೇನೆ. ಖಾತೆ ಹಕ್ಕನ್ನು ಹುಟ್ಟಿಸುವುದಿಲ್ಲ; ಹಕ್ಕು ಹುಟ್ಟುವುದು ಮರಣದ ಕ್ಷಣದಲ್ಲಿ. ಆದ್ದರಿಂದ ಖಾತೆಯಲ್ಲಿ ಹೆಸರು ಬಿಟ್ಟುಹೋದ ಮಾತ್ರಕ್ಕೆ ಅಕ್ಕತಂಗಿಯರ ಪಾಲು ಸಾಯುವುದಿಲ್ಲ. ಸಹಾಯಕ ಆಯುಕ್ತರಲ್ಲಿ ಮೇಲ್ಮನವಿಗೆ ಅವಕಾಶವಿದೆ, ಸಿವಿಲ್ ನ್ಯಾಯಾಲಯದಲ್ಲಿ ಪಾಲು ಕೇಳಬಹುದು. ಆದರೆ ತಡವಾದಷ್ಟೂ ಜಮೀನು ಕೈ ಬದಲಾಯಿಸುತ್ತದೆ, ಸಾಕ್ಷಿಗಳು ಕಣ್ಮುಚ್ಚುತ್ತಾರೆ. ತಂದೆ ಬದುಕಿರುವಾಗಲೇ ಮಗಳಿಂದ ಬರೆಸಿಕೊಂಡ ಬಿಡುಗಡೆಗೆ ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ, ಇನ್ನೂ ಹುಟ್ಟದ ಹಕ್ಕನ್ನು ಬಿಡುವುದೆಂತು? ಆದರೆ ಅದಕ್ಕೆ ಪ್ರತಿಯಾಗಿ ಹಣ ಪಡೆದು ಎಲ್ಲರನ್ನೂ ನಂಬಿಸಿದ್ದರೆ ಆಮೇಲೆ ಪಾಲು ಕೇಳಲಾಗದು ಎಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿದ್ಯಾರ್ಥಿನಿಯರೇ, ಸಹಿ ಹಾಕುವ ಮುಂಚೆ ಇದು ನೆನಪಿರಲಿ. ಮಗಳನ್ನು ತಪ್ಪಿಸಲೆಂದೇ ಎಲ್ಲವನ್ನೂ ಗಂಡುಮಕ್ಕಳಿಗೆ ಹಿಬಾ ಬರೆದುಕೊಡುವವರೂ ಇದ್ದಾರೆ. ಒಬ್ಬ ಮಗನಿಗೆ ಮಾತ್ರ ಕೊಟ್ಟ ದಾನಕ್ಕೆ ಸಾಕ್ಷಿಯಾಗಿ ಎಂದು ಕೇಳಿದ ತಂದೆಗೆ ನಮ್ಮ ಪ್ರವಾದಿಯವರು (ಸ) ಒಪ್ಪಲಿಲ್ಲ ಎಂಬ ನುಅಮಾನ್ ಬಿನ್ ಬಷೀರರ ಹದೀಸನ್ನು ಅವರು ಜುಮಾ ಬಯಾನಿನಲ್ಲಿ ಕೇಳಿಯೇ ಇರುತ್ತಾರೆ.

ನನ್ನ ಮನೆಯ ಕಥೆ ಮುಗಿಸಿಲ್ಲ. 2022ರಲ್ಲಿ ನನ್ನ ತಂದೆ ತೀರಿಕೊಂಡರು. ಈ ಸಲವೂ ವಂಶವೃಕ್ಷದ ಅರ್ಜಿ ಬರೆದವನು ನಾನೇ. ಅಮ್ಮಿ, ನಾನು, ತಮ್ಮ, ಇಬ್ಬರು ತಂಗಿಯರು ಎಂದು ಐದೂ ಹೆಸರು ಬರೆದೆ. ಬರೆದು ಮುಗಿಸಿದ ಮೇಲೆ ಕೈ ಅಲ್ಲೇ ನಿಂತಿತು. ತಂದೆಯ ಹೆಸರಿನಲ್ಲಿದ್ದ 2 ಎಕರೆಯಲ್ಲಿ 30 ಗುಂಟೆ ಫುಪ್ಪುಗಳದ್ದು. ತೀರಿಹೋದ ದಾದಿಯ ಪಾಲಿನಲ್ಲಿ ಅವರಿಗೆ ಬರಬೇಕಾದ ಲೆಕ್ಕ ಬೇರೆ. ನನ್ನದಲ್ಲದ್ದನ್ನು ತಂಗಿಯರಿಗೆ ಹಂಚಿ ನ್ಯಾಯವಂತನಾಗುವುದು ಹೇಗೆ? ತಮ್ಮ ಒಂದು ವಾರ ಮಾತು ಬಿಟ್ಟ, ಆಮೇಲೆ ಒಪ್ಪಿದ. ಫುಪ್ಪುಗಳನ್ನು ಸೇರಿಸಿ ನೋಂದಾಯಿತ ವಿಭಾಗ ಪತ್ರ ಮಾಡಬೇಕೆಂದರೆ 11-ಇ ನಕ್ಷೆ ಬೇಕು. ಅಳತೆಗೆ ಅರ್ಜಿ ಕೊಟ್ಟಿದ್ದೇವೆ.

ಚಾಚಾ ಇನ್ನೂ ಒಪ್ಪಿಲ್ಲ. ಸತ್ತವರ ಕಾಗದವನ್ನು ಕೆದಕಬೇಡ ಎನ್ನುತ್ತಾರೆ. ಅವರ ಭಾಗದಲ್ಲಿ ಬೋರ್‌ವೆಲ್ ಹಾಕಿಸಿದ ಸಾಲವಿದೆ, ಅವರ ಕಷ್ಟವೂ ಸುಳ್ಳಲ್ಲ. ಕಳೆದ ರಂಜಾನ್ ತಿಂಗಳಲ್ಲಿ ನಾನು ವಿಭಾಗ ಪತ್ರದ ಕರಡನ್ನು ತೆಗೆದುಕೊಂಡು ಬಡೇ ಫುಪ್ಪುವಿನ ಮನೆಗೆ ಹೋದೆ. ಹದಿನೈದು ವರ್ಷದ ಹಿಂದೆ ಮಾಡಿದ್ದನ್ನು ಹೇಳಿ ಮಾಫಿ ಕೇಳಿದೆ. ಈ ಸಲ ಪೂರಾ ಓದಿದೆ. ಅವರ ಹೆಸರು, ಇಬ್ಬರು ತಂಗಿಯರ ಹೆಸರು, ಚೆಕ್ಕುಬಂದಿ, ಗುಂಟೆ ಎಲ್ಲ. ಅವರು ಕೊನೆಯವರೆಗೂ ಕೇಳಿದರು. ತಮ್ಮ ಪಾಲು ಎಷ್ಟು ಎಂದು ಕೇಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. "ಭಾಯಿ ಕ್ಯಾ ಬೋಲೇ?" ಎಂದು ಚಾಚಾನ ಬಗ್ಗೆ ಕೇಳಿದರು. ಇನ್ನೂ ಸಹಿ ಹಾಕಿಲ್ಲ ಎಂದೆ. ಇಫ್ತಾರಿನ ಹೊತ್ತಾಗಿತ್ತು, ಎದ್ದು ಖರ್ಜೂರ ತಂದಿಟ್ಟರು.

ಸಂಘದ ಗ್ರಂಥಾಲಯದಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಜೊಹರ್ ನಮಾಜಿನ ನಂತರ ನಾನು ಮತ್ತು ಇಬ್ಬರು ಗೆಳೆಯರು ಕುಳಿತಿರುತ್ತೇವೆ. ನಮ್ಮ ಪೈಕಿ ಒಬ್ಬರು ವಕೀಲರು. ಪಹಣಿ, ಹಳೆಯ ವಂಶವೃಕ್ಷ, ಮರಣ ಪ್ರಮಾಣಪತ್ರ, ಇದ್ದರೆ ಖುಲಾಸೆ ಪತ್ರದ ನಕಲು, ಇವನ್ನು ತನ್ನಿ. ಓದಿ ಹೇಳುತ್ತೇವೆ, ಅರ್ಜಿ ಬರೆದುಕೊಡುತ್ತೇವೆ, ಶುಲ್ಕವಿಲ್ಲ. ಕನ್ನಡ ಚೆನ್ನಾಗಿ ಬರೆಯುವ ಪಿ.ಯು. ವಿದ್ಯಾರ್ಥಿಗಳು ನಾಲ್ಕೈದು ಜನ ನಮಗೆ ಬೇಕಾಗಿದ್ದಾರೆ. ಬರುವಾಗ ಹೊಲದ ಕಾಗದದ ಜೊತೆಗೆ ನಿಮ್ಮ ಅಕ್ಕತಂಗಿಯರನ್ನೂ ಫುಪ್ಪುಗಳನ್ನೂ ಕರೆದುಕೊಂಡು ಬನ್ನಿ. ಅವರಿಗೆ ಕೂರಲು ಬೇರೆ ಕೋಣೆಯ ವ್ಯವಸ್ಥೆ ಇದೆ, ಆದರೆ ಕಾಗದವನ್ನು ಮಾತ್ರ ಅವರ ಎದುರಿನಲ್ಲೇ ಓದುತ್ತೇವೆ.